ಮಫ್ಲರ್ ಹೆಣಿಗೆ

ಮಫ್ಲರ್ ಹೆಣಿಗೆಯು ಎರಡು ಕಡ್ಡಿಗಳ ನೆರವಿನಿಂದ ಉಣ್ಣೆಯ ಅಥವಾ ಅಕ್ರಿಲಿಕ್ ದಾರವನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಕೋದು, ಕತ್ತಿಗೆ ಸುತ್ತಿಕೊಳ್ಳುವ ಉದ್ದನೆಯ ಪಟ್ಟಿಯನ್ನು ತಯಾರಿಸುವ ಕೈಕೆಲಸ. ಮೈಯಳತೆಗೆ ಹೊಂದಿಸುವ ಅಥವಾ ನಡುವೆ ಕುಣಿಕೆಗಳನ್ನು ಹೆಚ್ಚು ಕಡಿಮೆ ಮಾಡುವ ಅಗತ್ಯ ಇದರಲ್ಲಿ ಇಲ್ಲದಿರುವುದರಿಂದ, ಹೆಣಿಗೆ ಕಲಿಯುವವರಿಗೆ ಸಾಮಾನ್ಯವಾಗಿ ಇದನ್ನೇ ಮೊದಲು ಹೇಳಿಕೊಡಲಾಗುತ್ತದೆ.

ನೆಯ್ಗೆ ಮತ್ತು ಹೆಣಿಗೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ದೀರ್ಘ ಮಳೆಗಾಲದ ಮಲೆನಾಡು ಪ್ರದೇಶಗಳು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಮಳೆ ಚಳಿಗಳಿಂದ ರಕ್ಷಣೆಗಾಗಿ ಈ ಭಾಗದಲ್ಲಿ ಬಳಕೆಯಲ್ಲಿದ್ದ ಕಂಬಳಿಕೊಪ್ಪೆಯು ಮಗ್ಗದಲ್ಲಿ ನೆಯ್ದ ಉಣ್ಣೆಯ ಬಟ್ಟೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿರುವ 'ಚರಕ' ಮಹಿಳಾ ಸಹಕಾರ ಸಂಘವು ಅಡಿಕೆಯ ಚೊಗರು ಮೊದಲಾದ ನೈಸರ್ಗಿಕ ಬಣ್ಣಗಳನ್ನು ಬಳಸಿ ತಯಾರಿಸುವ ಹತ್ತಿಯ ಬಟ್ಟೆಯೂ ಕೈಮಗ್ಗದ್ದೇ.

ನೆಯ್ಗೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ದಿಕ್ಕಿನ ಎಳೆಗಳಿರುತ್ತವೆ. ಹಾಸನ್ನು ಬಿಗಿದು ಹಿಡಿಯಲು ಮಗ್ಗ ಬೇಕು. ಹೆಣಿಗೆಯಲ್ಲಿ ಒಂದೇ ಎಳೆಯು ಸಾಲಿನಿಂದ ಸಾಲಿಗೆ ಸಾಗುತ್ತದೆ. ಕುಣಿಕೆಗಳು ಹಿಗ್ಗಬಲ್ಲವಾದುದರಿಂದ ಹೆಣೆದ ಬಟ್ಟೆ ಎಳೆದರೆ ಚಾಚಿಕೊಳ್ಳುತ್ತದೆ. ಕುಣಿಕೆಗಳ ನಡುವೆ ಗಾಳಿ ನಿಲ್ಲುವುದರಿಂದ ಬೆಚ್ಚಗಿರುತ್ತದೆ. ತಪ್ಪಿದರೆ ಬಿಚ್ಚಿ, ಅದೇ ದಾರದಿಂದ ಮತ್ತೆ ಹೆಣೆಯಬಹುದು.

ಸಾಮಗ್ರಿ

ಕಲಿಕೆಗೆ ನಯವಾದ, ತಿಳಿಬಣ್ಣದ, ಮಧ್ಯಮ ದಪ್ಪದ ದಾರ ಸೂಕ್ತ. ಕಡುಬಣ್ಣದ ಅಥವಾ ಜೂಲುಳ್ಳ ದಾರದಲ್ಲಿ ಕುಣಿಕೆಗಳು ಸ್ಪಷ್ಟವಾಗಿ ಕಾಣಿಸುವುದಿಲ್ಲ. ಇಂತಹ ದಾರಕ್ಕೆ 5 ಮಿ.ಮೀ. ದಪ್ಪದ ಕಡ್ಡಿಗಳು ಹೊಂದುತ್ತವೆ. ಹಳೆಯ ಬ್ರಿಟಿಷ್ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ: 6ನೆಯ ಸಂಖ್ಯೆ ಎಂದರೆ 5 ಮಿ.ಮೀ., 8ನೆಯ ಸಂಖ್ಯೆ ಎಂದರೆ 4 ಮಿ.ಮೀ.

ವಿಧಾನ

ಮೊದಲು ಒಂದು ಸಣ್ಣ ತುಂಡನ್ನು ಹೆಣೆದು ಅಳೆಯಬೇಕು. ಅದರ 10 ಸೆಂ.ಮೀ. ಅಗಲದಲ್ಲಿ 16 ಕುಣಿಕೆಗಳಿದ್ದರೆ, 20 ಸೆಂ.ಮೀ. ಅಗಲದ ಮಫ್ಲರಿಗೆ 32 ಕುಣಿಕೆಗಳು ಬೇಕು.

ಜಾರುಗಂಟಿನಿಂದ ಆರಂಭಿಸಿ ಎಡಗಡ್ಡಿಗೆ 32 ಕುಣಿಕೆಗಳನ್ನು ಏರಿಸಲಾಗುತ್ತದೆ. ಅನಂತರ ಪ್ರತಿ ಕುಣಿಕೆಗೂ ನಾಲ್ಕು ಹಂತಗಳಿವೆ: ದಾರವನ್ನು ಹಿಂಬದಿಯಲ್ಲಿಟ್ಟುಕೊಂಡು ಬಲಗಡ್ಡಿಯನ್ನು ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸುವುದು, ಅದರ ತುದಿಗೆ ದಾರ ಸುತ್ತುವುದು, ಆ ದಾರವನ್ನು ಕುಣಿಕೆಯ ಮೂಲಕ ಮುಂದಕ್ಕೆ ಎಳೆಯುವುದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಇಳಿಸುವುದು. ಇದನ್ನು 'ನಿಟ್' ಎನ್ನುತ್ತಾರೆ. ಸಾಲು ಮುಗಿದೊಡನೆ ಕಡ್ಡಿಗಳನ್ನು ಕೈ ಬದಲಾಯಿಸಿ ಮುಂದಿನ ಸಾಲನ್ನೂ ಇದೇ ರೀತಿ ಹೆಣೆಯಬೇಕು.

ಎಲ್ಲ ಸಾಲುಗಳನ್ನೂ ನಿಟ್‌ನಲ್ಲೇ ಹೆಣೆದಾಗ ಎರಡು ಬದಿಗಳಲ್ಲೂ ಒಂದೇ ಬಗೆಯ ಏಣುಗಳು ಮೂಡಿ ಪಟ್ಟಿ ಸಪಾಟಾಗಿ ಉಳಿಯುತ್ತದೆ. ಒಂದು ಸಾಲು ನಿಟ್, ಮತ್ತೊಂದು ಸಾಲು ಅದರ ಉಲ್ಟಾ ಆದ 'ಪರ್ಲ್' ಹೆಣೆದರೆ ಮುಂಬದಿ ನುಣುಪಾಗುವುದಾದರೂ ಅಂಚುಗಳು ಸುರುಳಿಕೊಳ್ಳುತ್ತವೆ.

ಸುಮಾರು 150 ಸೆಂ.ಮೀ. ಉದ್ದವಾದ ಮೇಲೆ ಕುಣಿಕೆಗಳನ್ನು ಮುಚ್ಚಬೇಕು. ಎರಡು ಕುಣಿಕೆಗಳನ್ನು ಹೆಣೆದು ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ ಕಡ್ಡಿಯಿಂದ ಬಿಡುವುದು, ಇನ್ನೊಂದನ್ನು ಹೆಣೆದು ಹಾಗೆಯೇ ಮಾಡುವುದು ಇದರ ಕ್ರಮ. ಕೊನೆಯ ಕುಣಿಕೆಯ ಮೂಲಕ ದಾರದ ತುದಿಯನ್ನು ಎಳೆದು ಬಿಗಿಯಲಾಗುತ್ತದೆ.

ಸಾಮಾನ್ಯ ದೋಷಗಳು

* ಪಟ್ಟಿ ಅಗಲವಾಗುತ್ತ ಹೋಗುವುದು: ಸಾಲಿನ ಆರಂಭದಲ್ಲಿ ದಾರ ಕಡ್ಡಿಯ ಮೇಲಿನಿಂದ ಹಿಂದಕ್ಕೆ ಹೋದರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ. ಎರಡನ್ನೂ ಹೆಣೆದರೆ ಒಂದು ಕುಣಿಕೆ ಹೆಚ್ಚುತ್ತದೆ. ಆಗಾಗ ಎಣಿಸಿಕೊಳ್ಳುವುದು ಇದಕ್ಕೆ ಪರಿಹಾರ.
* ಕುಣಿಕೆ ಜಾರುವುದು: ಜಾರಿದ ಕುಣಿಕೆ ಏಣಿಯಂತೆ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಕ್ರೋಶಾ ಕಡ್ಡಿಯಿಂದ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆತ್ತಬಹುದು.
* ಅತಿಬಿಗಿ: ಕುಣಿಕೆಯನ್ನು ಕಡ್ಡಿಯ ಚೂಪಾದ ತುದಿಯಲ್ಲಿ ರೂಪಿಸದೆ ಅದರ ದಪ್ಪ ಭಾಗದಲ್ಲಿ ರೂಪಿಸಬೇಕು.

ಸಂರಕ್ಷಣೆ

ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಆದ್ದರಿಂದ ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ತೊಳೆದು, ಹಿಂಡದೆ, ಟವೆಲಿನಲ್ಲಿ ಸುತ್ತಿ ನೀರನ್ನು ಒತ್ತಿ ತೆಗೆಯಬೇಕು. ತಂತಿಯ ಮೇಲೆ ತೂಗುಹಾಕಿದರೆ ನೀರಿನ ಭಾರಕ್ಕೆ ಜೋಲುವುದರಿಂದ ಹರವಿಯೇ ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿದ ನಂತರವೇ ಮಡಿಸಿಟ್ಟು, ಬಿಸಿಲು ಬಂದಾಗಲೆಲ್ಲ ಹೊರಗೆ ಹರವುವುದು ಅಗತ್ಯ.