ಮಿಸ್ಸಿಂಗ್ ಹೊಡೆಯುವ ಗಾಡಿ: ಬಿಚ್ಚುವ ಮೊದಲು ಹುಡುಕಿ

ಗ್ಯಾರೇಜು, ಟಯರ್ ಅಂಗಡಿ, ಲಾರಿ, ಟ್ಯಾಕ್ಸಿ - ಇವುಗಳಲ್ಲಿ ಒಂದರ ನಂಟಾದರೂ ಇಲ್ಲದ ಬ್ಯಾರಿ ಮನೆ ಕಡಿಮೆ. ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಎಂದರೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸ ಬಿಟ್ಟಿದೆ, ಅಷ್ಟೆ. ಆದರೆ ಯಾವುದು ಬಿಟ್ಟಿದೆ, ಯಾಕೆ ಬಿಟ್ಟಿದೆ ಎಂದು ಹುಡುಕುವ ತಾಳ್ಮೆ ಈಗ ಅಪರೂಪ. ಸಾಮಾನು ಬದಲಿಸುತ್ತಾ ಹೋಗುವುದೇ ರಿಪೇರಿ ಎಂದಾಗಿದೆ.

ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಈ ಆಟ ನಡೆಯೋದಿಲ್ಲ. ನಮ್ಮ ತಮ್ಮನ ಕೈಯಲ್ಲಿರುವ ಸ್ಯಾನ್ ಸ್ಟಾರ್ಮ್ ಗಾಡಿಯನ್ನೇ ನೋಡಿ. ಬೆಂಗಳೂರು ಮೂಲದ ಕಂಪೆನಿ 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಕಟ್ಟಲು ಶುರುಮಾಡಿದ ಎರಡೇ ಸೀಟಿನ ಕಾರು. ಮೈ ಫೈಬರಿನದ್ದು, ಇಂಜಿನ್ ರೆನೋದ 1149 ಸಿಸಿ, ಶಕ್ತಿ ಸುಮಾರು 60 ಅಶ್ವಶಕ್ತಿ. ಓಟಕ್ಕಿಂತ ನೋಟವೇ ಹೆಚ್ಚು ಅನ್ನಿ. ರಸ್ತೆಯಲ್ಲಿ ಕಾಣಸಿಗುವುದೇ ಅಪರೂಪ, ಸಾಮಾನು ಇನ್ನೂ ಅಪರೂಪ. ಗಲ್ಫಿನ ಉಳಿತಾಯ ಹಾಕಿ ತಗೊಂಡ ಗಾಡಿ ಬಿಸಿಯಾದ ಕೂಡಲೇ ಮಿಸ್ಸಿಂಗ್ ಹೊಡೆಯುತ್ತಿತ್ತು. ಒಂದು ಗ್ಯಾರೇಜಿನವರು ಪೆಟ್ರೋಲ್ ಪಂಪ್ ಬದಲಿಸಿದರು, ಫಿಲ್ಟರ್ ಬದಲಿಸಿದರು, ಕೊನೆಗೆ ‘ಹೆಡ್ ಇಳಿಸಬೇಕು’ ಎಂದರು. ಮಾರಿಬಿಡುವ ಮಾತು ಮನೆಯಲ್ಲಿ ಶುರುವಾಗಿತ್ತು.

ಬೀದರ್ ಕಡೆ ಹೋಗಿ ಕಲಬುರಗಿಗೆ ವಾಪಸಾಗುವಾಗ, ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಹೊರಟ ಸ್ವಲ್ಪ ಹೊತ್ತಿಗೆ ಗಾಡಿ ಮತ್ತೆ ಕುಂಟಿತು. ಮೇ ತಿಂಗಳ ಬಿಸಿಲು. ಸೈಲೆನ್ಸರಿನಿಂದ ಪುಟ್‌ಪುಟ್, ಜೊತೆಗೆ ಹಸಿ ಪೆಟ್ರೋಲಿನ ವಾಸನೆ. ‘ಇಚ್ಚಾ, ಇಂಜಿನ್ ಹೋಯ್ತಾ?’ ಎಂದ ತಮ್ಮ. ಮಹಾಗಾಂವ ಕ್ರಾಸಿನಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕಿದರು. ಅವರ ಮೊದಲ ಮಾತು ಇದು: ‘ಇಂಜಿನ್ ಬಿಚ್ಚೂದು ಆಮ್ಯಾಗ್ರಿ. ಮೊದ್ಲ ಯಾವ ಸಿಲಿಂಡರ್ ಮಲಗ್ಯಾದ ನೋಡಮು.’

ನಮ್ಮ ದೇಶದಲ್ಲಿ ಕಾರುಗಳಿಗೆ ಒಬಿಡಿ ಕಡ್ಡಾಯವಾದದ್ದು 2010ರ ನಂತರ. ಅದಕ್ಕೂ ಹಿಂದಿನ ಗಾಡಿಗೆ ಸ್ಕ್ಯಾನರ್ ಚುಚ್ಚಿ ಉತ್ತರ ಕೇಳೋದು ಕಷ್ಟ. ಕಿವಿಯೇ ಸ್ಕ್ಯಾನರ್. ಇಂಜಿನ್ ಓಡುತ್ತಿರುವಾಗ ಅವರು ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಿತ್ತು ಮತ್ತೆ ಹಾಕಿದರು. ಒಳ್ಳೆಯ ಸಿಲಿಂಡರಿನದ್ದು ಕಿತ್ತರೆ ಇಂಜಿನ್ ಇನ್ನಷ್ಟು ಕುಗ್ಗುತ್ತದೆ. ಮೂರನೆಯದ್ದು ಕಿತ್ತಾಗ ಏನೂ ಆಗಲಿಲ್ಲ. ಕಳ್ಳ ಅಲ್ಲೇ ಇದ್ದ. ಹೀಗೆ ನೋಡಲು ಕೆಲವರು ಪ್ಲಗ್ ವಯರನ್ನೇ ಎಳೆಯುತ್ತಾರೆ, ಅದು ಬೇಡ. ಶಾಕ್ ಹೊಡೆಯುತ್ತದೆ, ಕಿಡಿಗೆ ಹೋಗಲು ದಾರಿ ಇಲ್ಲದೆ ಕಾಯಿಲ್ ಕೂಡ ಸುಡಬಹುದು.

ಇಂಜಿನ್ ತಣಿಯುವವರೆಗೆ ಚಹಾ. ಅಲ್ಯೂಮಿನಿಯಂ ಹೆಡ್ ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ತ್ರೆಡ್ ಹೋಗುತ್ತದೆ. ಮೂರನೇ ಪ್ಲಗ್ ಕಪ್ಪಾಗಿ ಒದ್ದೆಯಾಗಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಪಂಪ್ ಬದಲಿಸಿದ ದುಡ್ಡು ಯಾಕೆ ದಂಡವಾಯಿತು ಎಂದು ಆಗ ತಿಳಿಯಿತು. ಎರಡನೆಯ ಮತ್ತು ಮೂರನೆಯ ಪ್ಲಗ್ ಅದಲುಬದಲು ಮಾಡಿ ಗಾಡಿ ಬಿಸಿಮಾಡಿದರು. ಮಿಸ್ಸಿಂಗ್ ಮೂರರಲ್ಲೇ ಉಳಿಯಿತು. ಆಮೇಲೆ ಅವೆರಡರ ವಯರನ್ನು ಬದಲಿಸಿದರು, ಕಾಯಿಲ್ ಕಡೆಯ ಜಾಗ ತಪ್ಪದ ಹಾಗೆ. ಈ ಸಲ ಮಿಸ್ಸಿಂಗ್ ಎರಡಕ್ಕೆ ಹಾರಿತು. ಅಷ್ಟರಲ್ಲಿ ಕತ್ತಲಾಗಿತ್ತು. ಬಾನೆಟ್ ಎತ್ತಿ ಟಾರ್ಚ್ ಆರಿಸಿ ನೋಡಿದರೆ ಆ ವಯರಿನಿಂದ ಇಂಜಿನ್ನಿಗೆ ನೀಲಿ ಕಿಡಿ ಟಿಕ್ ಟಿಕ್ ಎಂದು ಜಿಗಿಯುತ್ತಿತ್ತು. ಬಿಸಿಗೆ ಒಣಗಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಹಗಲಲ್ಲಿ ಕಾಣುವಂಥದ್ದಲ್ಲ. ಇಡೀ ಹುಡುಕಾಟದಲ್ಲಿ ಒಂದು ರೂಪಾಯಿಯ ಸಾಮಾನೂ ಕೊಂಡಿರಲಿಲ್ಲ.

ಎಲ್ಲಾ ಗಾಡಿಗೂ ಇದೇ ಕಾಯಿಲೆ ಇರೋದಿಲ್ಲ. ನಿಂತಲ್ಲಿ ನಡುಗಿ ಓಟದಲ್ಲಿ ಸರಿಯಾಗುವುದಾದರೆ ಗಾಳಿ ಲೀಕ್ ನೋಡಿ, ಇನ್‌ಟೇಕ್ ಪೈಪಿನ ಹತ್ತಿರ ಸುಯ್ ಎನ್ನುವ ಸದ್ದು ಸಿಗಬಹುದು. ಏರಿನಲ್ಲಿ, ಆಕ್ಸಿಲೇಟರ್ ಒತ್ತಿದಾಗ ನಾಲ್ಕೂ ಸಿಲಿಂಡರ್ ಸೋತರೆ ಆಗ ಪಂಪ್, ಫಿಲ್ಟರ್ ಅನುಮಾನಿಸಬಹುದು. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸುವವರು ಟ್ಯಾಂಕನ್ನೂ ನೋಡಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20 ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ. ಫೈಬರ್ ಮೈಯ ಗಾಡಿಗೆ ಇನ್ನೊಂದು ಪೀಡೆ ಇದೆ. ತಗಡಿನ ಹಾಗೆ ಮೈಯೇ ಅರ್ತ್ ಆಗೋದಿಲ್ಲ, ಪ್ರತಿಯೊಂದಕ್ಕೂ ಚಾಸಿಗೆ ವಯರ್ ಎಳೆದಿರುತ್ತಾರೆ. ಅದರ ಬೋಲ್ಟ್ ತುಕ್ಕು ಹಿಡಿದರೂ ಇಂಜಿನ್ ಕುಂಟುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಮೊದಲು ನೋಡಬೇಕಾದ ಜಾಗ.

ಮಿಸ್ಸಿಂಗ್ ಇಟ್ಟುಕೊಂಡೇ ‘ಮನೆ ತಲುಪುವಾ’ ಎಂದು ಓಡಿಸುವವರಿದ್ದಾರೆ. ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಾದರೆ ಅದರೊಳಗೆ ಹೋಗಿ ಉರಿದು ಕೆಂಡವಾಗುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿಯ ಅಪಾಯ.

ಹೆಡ್ ಇಳಿಸಲೇಬೇಕಾದ ಸಂದರ್ಭವೂ ಇದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸತ್ತು, ಎರಡರಲ್ಲೂ ಕಂಪ್ರೆಷನ್ ಕಡಿಮೆ ತೋರಿಸಿದರೆ ನಡುವಿನ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆ ಗೇಜ್ ಹಾಕಿ ಅಳೆಯಲು ಅರ್ಧ ಗಂಟೆ ಸಾಕು. ಹೆಡ್ ಇಳಿಸಿ ಎನ್ನುವವರ ಹತ್ತಿರ ಮೊದಲು ಆ ನಾಲ್ಕು ನಂಬರ್ ಬರೆಸಿಕೊಳ್ಳಿ.