ನಡಿಗೆಗಿಂತ ಮೊದಲು ಮೂತ್ರಕೋಶ

ಹೈದರಾಬಾದಿನ ಬೇಗಂ ಬಜಾರಿನಲ್ಲಿ ಸಗಟು ವ್ಯಾಪಾರ ಇಂದಿಗೂ ಬಹುಮಟ್ಟಿಗೆ ಮನುಷ್ಯರ ಬೆನ್ನಿನ ಮೇಲೆಯೇ ಸಾಗುತ್ತದೆ. ಲಾರಿ ನುಗ್ಗಲಾರದ ಗಲ್ಲಿಗಳಲ್ಲಿ ಬೇಳೆ, ಮಸಾಲೆ, ಒಣಹಣ್ಣಿನ ಮೂಟೆಗಳನ್ನೂ ಸ್ಟೀಲ್ ಪಾತ್ರೆಯ ಗಂಟುಗಳನ್ನೂ ಹೊರುವವರು ಹಮಾಲರು. ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಹೈದರಾಬಾದಿಗೆ ದುಡಿಯಲು ಹೋಗುವ ನಮ್ಮವರಿಗೂ ಇಂಥ ಕೆಲಸ ಹೊಸದಲ್ಲ. ಗೋದಾಮಿನ ಅಟ್ಟದಿಂದ ಕಾಲು ಜಾರಿದರೆ, ಇಲ್ಲವೇ ತಲೆಹೊರೆ ಕತ್ತಿನ ಮೇಲೆ ಕುಸಿದರೆ, ಬೆನ್ನುಮೂಳೆ ಮುರಿದು ಒಳಗಿನ ಬೆನ್ನುಹುರಿಗೆ ಪೆಟ್ಟಾಗಬಹುದು. ನಮ್ಮ ದೇಶದಲ್ಲಿ ಬೆನ್ನುಹುರಿ ಗಾಯಕ್ಕೆ ಎತ್ತರದಿಂದ ಬೀಳುವುದು ಮತ್ತು ರಸ್ತೆ ಅಪಘಾತ ದೊಡ್ಡ ಕಾರಣಗಳು. ಮಲೆನಾಡಿನಲ್ಲಿ ಅಡಿಕೆ ಮರದಿಂದ ಬಿದ್ದವರ ಕಥೆಯೂ ಇದೇ.

ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಚಿ ಕೂರಿಸಬಾರದು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿ ಇರುವಂತೆ ಹಲಗೆಯ ಮೇಲೆ ಮಲಗಿಸಬೇಕು, 108ಕ್ಕೆ ಕರೆ ಮಾಡಬೇಕು. ಅಫ್ಜಲ್ ಗಂಜಿನ ಉಸ್ಮಾನಿಯಾ ಆಸ್ಪತ್ರೆ ಬಜಾರಿಗೆ ತೀರ ಹತ್ತಿರ. ಆದರೆ ತಪ್ಪಾಗಿ ಸಾಗಿಸಿದರೆ ಆ ಸ್ವಲ್ಪ ದೂರದಲ್ಲೇ ಹುರಿಯ ಅರೆಗಾಯ ಪೂರ್ಣಗಾಯ ಆಗಿಬಿಡಬಹುದು.

ಆಸ್ಪತ್ರೆಯಲ್ಲಿ ಮನೆಯವರು ಮೊದಲು ಕೇಳುವುದು ‘ಯಾವಾಗ ನಡೀತಾನ್ರಿ?’ ಎಂದು. ‘ಒಂದಕ್ಕ ಹೋಗೋದು ಹೆಂಗ್ರಿ?’ ಎಂದು ಕೇಳಲು ನಾಚಿಕೆ. ಜೀವ ಉಳಿಯುವ ಲೆಕ್ಕದಲ್ಲಿ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಮೊದಲ ಮಹಾಯುದ್ಧದ ಕಾಲದಲ್ಲಿ ಬೆನ್ನುಹುರಿ ಗಾಯವಾದ ಸೈನಿಕರಲ್ಲಿ ಬಹುಪಾಲು ಜನ ಸತ್ತದ್ದು ಮೂತ್ರದ ಸೋಂಕು ಮತ್ತು ಒತ್ತುಹುಣ್ಣಿನಿಂದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್ಮನ್ ಶುರುಮಾಡಿದ ವಿಭಾಗ ಮೂತ್ರಕೋಶದ ಪಾಲನೆಯನ್ನು ಚಿಕಿತ್ಸೆಯ ನಡುವೆ ತಂದು ನಿಲ್ಲಿಸಿತು. ಇಂಥ ಗಾಯವಾದವರು ದಶಕಗಟ್ಟಲೆ ಬದುಕಬಹುದು ಎಂಬುದು ಅಲ್ಲಿಂದೀಚೆಗೆ ಸ್ಪಷ್ಟವಾಯಿತು.

ಮೂತ್ರಕೋಶ ಒಂದು ಸ್ನಾಯುವಿನ ಚೀಲ. ಕಿಡ್ನಿಯಿಂದ ಇಳಿಯುವ ಮೂತ್ರ ಅದರಲ್ಲಿ ತುಂಬುವಷ್ಟು ಹೊತ್ತು ಗೋಡೆ ಸಡಿಲವಾಗಿ, ಬಾಯಿಯ ಬಿಗಿಸ್ನಾಯು ಮುಚ್ಚಿಕೊಂಡಿರುತ್ತದೆ. ಹೋಗುವಾಗ ಗೋಡೆ ಹಿಂಡುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ಈ ಹೊಂದಾಣಿಕೆಯನ್ನು ನಡೆಸುವುದು ಮಿದುಳಿನ ಕಾಂಡ. ಅದರ ಅಪ್ಪಣೆ ಬೆನ್ನುಹುರಿಯೊಳಗೆ ಇಳಿದು, ಹುರಿಯ ಬುಡದಲ್ಲಿರುವ ತ್ರಿಕಾಸ್ಥಿ ನರಗಳ ಕೇಂದ್ರವನ್ನು ತಲುಪುತ್ತದೆ. ಹುರಿ ಮುಗಿಯುವುದು ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲಿ.

ಹಾಗಾಗಿ ಪೆಟ್ಟು ಎಲ್ಲಿ ಬಿತ್ತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಮೊದಲ ಕೆಲವು ವಾರ ಮೂತ್ರಕೋಶ ಸಾಮಾನ್ಯವಾಗಿ ಸ್ತಬ್ಧವಾಗಿರುತ್ತದೆ. ಅದಕ್ಕೇ ಮೂತ್ರಕೋಶದೊಳಗೇ ಇರುವ ಫೋಲಿ ಪೈಪ್ ಮತ್ತು ಯೂರಿನ್ ಬ್ಯಾಗ್. ಆಮೇಲೆ ದಾರಿ ಎರಡಾಗುತ್ತದೆ. ಅಂಡೂರಿ ಬಿದ್ದು ಸೊಂಟದ ಮೇಲ್ಭಾಗ ಮುರಿದವರಲ್ಲಿ ಆ ಬುಡದ ಕೇಂದ್ರವೇ ಕೆಟ್ಟಿರಬಹುದು. ಆಗ ಚೀಲ ಸೋತು ಹಿಂಡುವುದೇ ಇಲ್ಲ, ತುಂಬಿ ತುಳುಕಿ ಹನಿಯುತ್ತದೆ. ಪೆಟ್ಟು ಕತ್ತಿನಲ್ಲೋ ಎದೆಯ ಮಟ್ಟದಲ್ಲೋ ಆಗಿದ್ದರೆ ಕೇಂದ್ರ ಉಳಿದಿರುತ್ತದೆ, ಮೇಲಿನ ಅಪ್ಪಣೆ ತಪ್ಪಿರುತ್ತದೆ. ಚೀಲ ತನ್ನಷ್ಟಕ್ಕೆ ಹಿಂಡುವ ಹೊತ್ತಿಗೇ ಬಾಯಿಯೂ ಬಿಗಿಯುತ್ತದೆ. ಒಂದೇ ಬಾಗಿಲನ್ನು ಒಳಗಿನಿಂದ ಒಬ್ಬರು, ಹೊರಗಿನಿಂದ ಒಬ್ಬರು ತಳ್ಳಿದ ಹಾಗೆ. ಒಳಗೆ ಒತ್ತಡ ಏರಿ ಮೂತ್ರ ಹಿಮ್ಮುಖವಾಗಿ ಕಿಡ್ನಿಗೆ ಹೋಗಬಹುದು. ಇದರಲ್ಲಿ ನೋವಿಲ್ಲ, ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತದೆ. ‘ತಾನಾಗೇ ಹೋಗ್ತಾ ಇದೆ, ಪೈಪ್ ಬೇಡ’ ಎಂದು ಸಮಾಧಾನಪಟ್ಟುಕೊಳ್ಳುವ ಮನೆಗಳಲ್ಲೇ ಈ ಅಪಾಯ ಹೆಚ್ಚು. ಒತ್ತಡ ಅಳೆಯಲು ಯುರೋಡೈನಮಿಕ್ಸ್ ಎಂಬ ಪರೀಕ್ಷೆ ಇದೆ. 40 ಸೆಂ.ಮೀ. ನೀರಿನ ಒತ್ತಡವನ್ನು ವೈದ್ಯರು ಬಹುಕಾಲದಿಂದ ಎಚ್ಚರಿಕೆಯ ಗೆರೆ ಎಂದು ನೋಡುತ್ತಾರೆ. ಹೊಟ್ಟೆಯನ್ನು ಕೈಯಿಂದ ಒತ್ತಿ ಮೂತ್ರ ಇಳಿಸುವ ಹಳೆಯ ಪದ್ಧತಿ ಈ ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಅದು ಬೇಡ.

ಹೆಚ್ಚಿನವರಿಗೆ ಸರಿಯಾದ ದಾರಿ, ಹೊತ್ತಿಗೊಮ್ಮೆ ಕ್ಯಾತಿಟರ್ ಎಂಬ ಸಣ್ಣ ನಳಿಕೆಯನ್ನು ಮೂತ್ರಕೋಶಕ್ಕೆ ತಾವೇ ಹಾಕಿ, ಖಾಲಿ ಮಾಡಿ, ತೆಗೆದುಬಿಡುವುದು. ಅಮೆರಿಕದ ಮಿಶಿಗನ್‌ನಲ್ಲಿ ಡಾ. ಜಾಕ್ ಲ್ಯಾಪಿಡೆಸ್ 1972ರಲ್ಲಿ ಇದರ ಬಗ್ಗೆ ಬರೆದರು. ಆಪರೇಷನ್ ಥಿಯೇಟರಿನಂಥ ಕ್ರಿಮಿರಹಿತ ಸಿದ್ಧತೆ ಬೇಕಿಲ್ಲ, ಕೈ ಶುಚಿಯಾಗಿದ್ದು ಚೀಲ ಹಿಗ್ಗುವ ಮುನ್ನ ಖಾಲಿಯಾದರೆ ಸಾಕು ಎಂಬುದು ಅವರ ವಾದ. ಬಡವರಿಗೆ ಇದಕ್ಕಿಂತ ಉಪಕಾರದ ಮಾತನ್ನು ಈ ವಿಷಯದಲ್ಲಿ ಯಾರೂ ಹೇಳಿಲ್ಲ ಎಂದು ನನಗನಿಸುತ್ತದೆ.

ದಿನಕ್ಕೆ 4ರಿಂದ 6 ಸಲ ಮಾಡಬೇಕು. ಪ್ರತಿ ಸಲ ಹೊರಬರುವ ಮೂತ್ರ 400–500 ಮಿಲಿ ಮೀರಬಾರದು. ಮೀರಿದರೆ ನಡುವಿನ ಅಂತರ ಕಡಿಮೆ ಮಾಡಬೇಕು. ನೀರು ದಿನಕ್ಕೆ ಒಂದೂವರೆ–ಎರಡು ಲೀಟರ್ ಹಂಚಿ ಕುಡಿದು, ಸಂಜೆಯ ಮೇಲೆ ತಗ್ಗಿಸಬೇಕು. ಎಷ್ಟು ಕುಡಿದೆ, ಎಷ್ಟು ಹೋಯಿತು ಎಂದು ಪುಸ್ತಕದಲ್ಲಿ ಬರೆದಿಟ್ಟರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಸೋಪಿನಿಂದ ಕೈ ತೊಳೆದು, ಜೆಲ್ ಹಚ್ಚಿ, ಮೂತ್ರ ಬರುವವರೆಗೆ ಮೆಲ್ಲಗೆ ತೂರಿಸಬೇಕು. ತಡೆದರೆ ಬಲ ಹಾಕದೆ, ಉದ್ದಕ್ಕೆ ಉಸಿರೆಳೆದು ಕಾಯಬೇಕು. ಹೆಂಗಸರು ಮೊದಮೊದಲು ಕನ್ನಡಿ ಇಟ್ಟುಕೊಂಡು ಕಲಿಯುತ್ತಾರೆ. ಕತ್ತಿನ ಗಾಯದಿಂದ ಬೆರಳು ಆಡದವರಿಗೆ ಮನೆಯವರು ಮಾಡಬೇಕು, ಇಲ್ಲವೇ ಕಿಬ್ಬೊಟ್ಟೆಯ ಮೂಲಕ ಪೈಪ್ ಹಾಕಿಸಬೇಕು. ಚೀಲ ಅತಿಯಾಗಿ ಹಿಂಡುತ್ತಿದ್ದರೆ ಆಕ್ಸಿಬ್ಯುಟಿನಿನ್, ಸಾಲಿಫೆನಾಸಿನ್‌ನಂಥ ಮಾತ್ರೆಗಳಿವೆ. ಅವು ಸಾಲದಿದ್ದರೆ ಮೂತ್ರಕೋಶದ ಗೋಡೆಗೆ ಬೊಟಾಕ್ಸ್ ಚುಚ್ಚುಮದ್ದು.

ಫಿಸಿಯೋಥೆರಪಿಯಿಂದ ಮೂತ್ರಕ್ಕೆ ಏನು ಲಾಭ? ಕೂರುವುದು, ವೀಲ್‌ಚೇರ್‌ನಿಂದ ಕಮೋಡಿಗೆ ಸರಿಯುವುದು, ಒಂದು ಕೈಯಲ್ಲಿ ಬಟ್ಟೆ ಸರಿಸುವುದು, ಇವು ಬಂದರೆ ಕ್ಯಾತಿಟರ್ ತನ್ನ ಕೈಗೇ ಬರುತ್ತದೆ. ಇದಕ್ಕಿಂತ ನೇರವಾದ ಪರಿಣಾಮದ ಸುಳಿವೂ ಸಿಕ್ಕಿದೆ. ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8 ಮಂದಿ ಗಾಯಾಳುಗಳಿಗೆ ದೇಹದ ಭಾರಕ್ಕೆ ಆಸರೆ ಕೊಟ್ಟು ಟ್ರೆಡ್‌ಮಿಲ್ ಮೇಲೆ ಹೆಜ್ಜೆ ಹಾಕಿಸಲಾಯಿತು. ಅವರ ಮೂತ್ರಕೋಶ ಹೆಚ್ಚು ಹಿಡಿಯತೊಡಗಿತು, ಒತ್ತಡ ಇಳಿಯಿತು. ಕಾಲಿನಿಂದ ಬರುವ ಸಂವೇದನೆ ಹುರಿಯ ಕೆಳಭಾಗವನ್ನು ಎಚ್ಚರಿಸುತ್ತದೆ ಎಂಬ ಊಹೆಗೆ ಇದು ಬಲ ಕೊಡುತ್ತದೆ. ಆದರೆ ಎಂಟು ಜನರ ಫಲಿತಾಂಶ ನಂಬಿ ಕ್ಯಾತಿಟರ್ ಬಿಡುವಂತಿಲ್ಲ, ‘ಎಲ್ಲ ವಾಪಸ್ ತರಿಸ್ತೀವಿ’ ಎನ್ನುವ ಜಾಹೀರಾತಿಗೆ ಹೊಲ ಮಾರುವಂತೆಯೂ ಇಲ್ಲ.

ಎರಡು ಎಚ್ಚರಿಕೆ. ಕ್ಯಾತಿಟರ್ ಬಳಸುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸಿಗುವುದು ಸಾಮಾನ್ಯ; ಜ್ವರ, ಚಳಿ, ಹೊಸದಾಗಿ ಸೋರುವುದು, ಕಾಲಿನ ಸೆಳೆತ ಹೆಚ್ಚುವುದು ಇಂಥ ಲಕ್ಷಣಗಳಿಲ್ಲದೆ ಬರೀ ರಿಪೋರ್ಟ್ ನೋಡಿ ಆಂಟಿಬಯಾಟಿಕ್ ನುಂಗಬಾರದು. ಇನ್ನೊಂದು ತುರ್ತಿನದು. ಎದೆಯ ಆರನೆಯ ಮೂಳೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಗಾಯವಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪೇರಿ, ಬೆವರಿದರೆ ಬಿಪಿ ವಿಪರೀತ ಏರಿದೆ ಎಂದರ್ಥ. ಹೆಚ್ಚಿನ ಸಲ ಕಾರಣ ತುಂಬಿದ ಮೂತ್ರಕೋಶ ಅಥವಾ ಕಟ್ಟಿದ ಪೈಪ್. ಕೂಡಲೇ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರ ಹೊರಬಿಡಿಸಬೇಕು. ತಗ್ಗದಿದ್ದರೆ ಆಸ್ಪತ್ರೆಗೆ ಓಡಬೇಕು.

ಡಿಸ್ಚಾರ್ಜ್ ಆಗುವ ಮುನ್ನ ಕ್ಯಾತಿಟರ್ ಹಾಕುವುದನ್ನು ನರ್ಸ್ ಎದುರಿಗೇ ಮಾಡಿ ಕಲಿಯಿರಿ, ವರ್ಷಕ್ಕೊಮ್ಮೆ ಕಿಡ್ನಿಯ ಸ್ಕ್ಯಾನ್ ಮಾಡಿಸಿ. ಪುನರ್ವಸತಿಗೆಂದೇ ವಿಭಾಗಗಳು ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವೆಲ್ಲೂರಿನ ಸಿಎಂಸಿಯಲ್ಲೂ ಇವೆ. ಗಾಲಿಕುರ್ಚಿಯಲ್ಲೇ ಕೂತು ವೈದ್ಯವೃತ್ತಿ ನಡೆಸಿದ ಡಾ. ಮೇರಿ ವರ್ಗೀಸ್ ಅವರ ಶ್ರಮದಿಂದ ವೆಲ್ಲೂರಿನ ಕೇಂದ್ರ 1966ರಲ್ಲಿ ತೆರೆಯಿತು. ಗಾಯವಾದ ಹಮಾಲ ಮತ್ತೆ ಹೊರೆ ಹೊರಲಾರ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಲೆಕ್ಕ ಬರೆಯಬಲ್ಲ, ಬಿಲ್ ಹಾಕಬಲ್ಲ. ಅದಕ್ಕೆ ನಾಲ್ಕು ತಾಸಿಗೊಮ್ಮೆ ಅವನಿಗೆ ನಲ್ಲಿ ನೀರು, ಸೋಪು, ಗಾಲಿಕುರ್ಚಿ ಹೋಗುವ ಬಾಗಿಲು ಇರುವ ಒಂದು ಕೋಣೆ ಬೇಕು. ಬೇಗಂ ಬಜಾರಿನ ವರ್ತಕರು ಗಲ್ಲಿಗೊಂದರಂತೆ ಅಂಥ ಶೌಚಾಲಯ ಕಟ್ಟಿಸಲಿ.