ಯಂತ್ರದೈತ್ಯನಿಗೂ ಒಂದು ವಾಹನ

ಕಲ್ಪನೆಗೆ ರೆಕ್ಕೆಗಳುಂಟು, ಆದರೆ ಅದಕ್ಕೂ ನಿಯಮದ ಕಟ್ಟುಂಟು. ಜಪಾನಿನ ಕಿರುತೆರೆಯಲ್ಲಿ 1979–80ರಲ್ಲಿ ಪ್ರಸಾರವಾದ, ಯೋಶಿಯುಕಿ ಟೊಮಿನೊ ಅವರು ನಿರ್ದೇಶಿಸಿದ ‘ಮೊಬೈಲ್ ಸೂಟ್ ಗಂಡಮ್’ ಎಂಬ ಕಾರ್ಟೂನ್ ಕಥಾಮಾಲಿಕೆಯೇ ಇದಕ್ಕೆ ನಿದರ್ಶನ.

ಯೋಧನು ಒಳಗೆ ಕುಳಿತು ನಡೆಸುವ ಬೃಹತ್ ಯಂತ್ರಮಾನವರ ಯುದ್ಧಕಥೆಯಿದು. ನಾಯಕಯಂತ್ರವಾದ ಗಂಡಮ್‌ನ ಎತ್ತರ 18 ಮೀಟರ್. ಅಂತರಿಕ್ಷದಲ್ಲಿ ಸ್ವಚ್ಛಂದವಾಗಿ ಸಂಚರಿಸುವ ಈ ದೈತ್ಯರು ಭೂಮಿಗಿಳಿದೊಡನೆ ಗುರುತ್ವಾಕರ್ಷಣೆಗೆ ಅಧೀನರು. ನೆಗೆಯಬಲ್ಲರು, ಬಹುದೂರ ಹಾರಲಾರರು. ಆದುದರಿಂದಲೇ ಶತ್ರುಪಕ್ಷದ ‘ಗೂಫ್’ ಎಂಬ ಯಂತ್ರವು ‘ದೊದಾಯ್’ ಎಂಬ ಬಾಂಬರ್ ವಿಮಾನದ ಬೆನ್ನೇರಿ ಬರುತ್ತದೆ. ಹೊರುವ ಈ ವಿಮಾನ ಕೇವಲ ವಾಹನವಲ್ಲ. ಕ್ಷಿಪಣಿಗಳನ್ನು ಹಾರಿಸಿ ತಾನೂ ಹೋರಾಡುತ್ತದೆ.

ಗಂಡಮ್‌ಗೂ ‘ಜಿ-ಫೈಟರ್’ ಎಂಬ ಶಸ್ತ್ರಸಜ್ಜಿತ ವಾಹನ ದೊರೆಯಿತು. ಆದರೆ ಅದರ ಹುಟ್ಟಿಗೆ ಕಾರಣವಾದುದು ಆಟಿಕೆ ತಯಾರಿಸುವ ಪ್ರಾಯೋಜಕರ ಮಾರಾಟದ ಅಪೇಕ್ಷೆ. 1981–82ರಲ್ಲಿ ಕಥೆಯನ್ನು ಚಲನಚಿತ್ರಗಳಾಗಿ ಸಂಕಲಿಸಿದಾಗ ಅದನ್ನು ಕೈಬಿಡಲಾಯಿತು. ದೊದಾಯ್‌ನ ಸುಧಾರಿತ ರೂಪವಾದರೋ 1985ರ ‘ಝೀಟಾ ಗಂಡಮ್’ ಮಾಲಿಕೆಯಲ್ಲಿಯೂ ಯಂತ್ರಗಳನ್ನು ಹೊತ್ತಿತು.

ಕಥೆಯ ಅಗತ್ಯಕ್ಕಾಗಿ ಹುಟ್ಟಿದುದು ಮುಂದುವರಿಯಿತು. ಸಂತೆಗಾಗಿ ಸೇರಿಸಿದುದು ತೆರೆಯಿಂದ ಸರಿಯಿತು. ಮಕ್ಕಳ ಕಲ್ಪನಾಶಕ್ತಿಯನ್ನು ಪೋಷಿಸುವವರೆಲ್ಲರೂ ಮನಗಾಣಬೇಕಾದ ಸಂಗತಿಯಿದು.